ಹಡಗಿನ ವಿದ್ಯುತ್ತು, ದಡದ ವಿದ್ಯುತ್ತು: ಒಂದು ಹಸ್ತಾಂತರದ ಸಮೀಕ್ಷೆ

ಬಂದರಿಗೆ ಬಂದು ಧಕ್ಕೆಗೆ ಹಗ್ಗ ಬಿಗಿದುಕೊಂಡ ಹಡಗಿನಲ್ಲಿ ಪ್ರಧಾನ ಎಂಜಿನ್ನು ನಿಂತುಹೋದರೂ ಒಳಗಿನ ಸಂಸಾರವು ನಿಲ್ಲುವುದಿಲ್ಲ: ದೀಪಗಳು ಉರಿಯಬೇಕು, ಅಡಿಗೆಮನೆ ನಡೆಯಬೇಕು, ಸರಕು ಇಳಿದಂತೆಲ್ಲ ಹಡಗಿನ ತೂಕವನ್ನು ಸರಿದೂಗಿಸಲು ಸಮುದ್ರದ ನೀರನ್ನು ಒಳಗೆಳೆಯುವ ಪಂಪುಗಳು ತಿರುಗಬೇಕು, ಶೀತಲ ಕಂಟೇನರುಗಳೊಳಗಿನ ಮೀನು ಕೆಡದಂತೆ ಯಂತ್ರಗಳು ಹಗಲಿರುಳು ದುಡಿಯಬೇಕು. ಇವೆಲ್ಲಕ್ಕೂ ಬೇಕಾದ ವಿದ್ಯುತ್ತನ್ನು ಹಡಗು ತನ್ನ ಒಡಲಲ್ಲಿರುವ ಮೂರು ನಾಲ್ಕು ಡೀಸೆಲ್ ಜನರೇಟರುಗಳಿಂದ ತಾನೇ ಹುಟ್ಟಿಸಿಕೊಳ್ಳುತ್ತದೆ. ಅವುಗಳ ಹೊಗೆಯಾದರೋ ನಡುಗಡಲಿನಲ್ಲಿ ಚದರಿಹೋಗುವಂತೆ ಇಲ್ಲಿ ಚದರದೆ, ಬಂದರಿನ ಕೂಲಿಕಾರರ, ಲಾರಿ ಚಾಲಕರ, ನೆರೆಯ ಬಡಾವಣೆಗಳ ಜನರ ಶ್ವಾಸಕೋಶಗಳಲ್ಲಿ ಬಂದು ತಂಗುತ್ತದೆ. ಒಂದು ಮೆಗಾವ್ಯಾಟು ವಿದ್ಯುತ್ತನ್ನು ಬೇಡುವ ಹಡಗು ಒಂದು ದಿನ ನಿಂತರೆ 24,000 ಯೂನಿಟ್ಟುಗಳಾದುವು. ಯೂನಿಟ್ಟಿಗೆ 210 ಗ್ರಾಂ ಎಣ್ಣೆಯಂತೆ ಲೆಕ್ಕ ಹಾಕಿದರೂ ಐದು ಟನ್ ಎಣ್ಣೆ ಉರಿದು, ಹದಿನಾರು ಟನ್ನುಗಳಿಗೆ ಮಿಕ್ಕ ಇಂಗಾಲದ ಡೈಆಕ್ಸೈಡೂ, ಅದರೊಡನೆ ಸಾರಜನಕದ ಆಕ್ಸೈಡುಗಳೂ ಮಸಿಯೂ ಊರಿನ ಗಾಳಿಯನ್ನು ಸೇರುತ್ತವೆ. ಹಡಗು ನಿಂತಿರುವಷ್ಟು ಹೊತ್ತು ಈ ಜನರೇಟರುಗಳನ್ನು ನಿಲ್ಲಿಸಿ ದಡದಿಂದಲೇ ವಿದ್ಯುತ್ತನ್ನು ಕೊಡಬಾರದೇಕೆ ಎಂಬ ಪ್ರಶ್ನೆ ಸಹಜವಾಗಿಯೇ ಹುಟ್ಟಿದೆ. ದಡದಿಂದ ಹಡಗಿಗೆ ಕೇಬಲು ಎಳೆಯುವುದು ದುಬಾರಿಯಾದ ಕೆಲಸವೇ ಹೊರತು ಕಠಿನವಾದ ಕೆಲಸವಲ್ಲ. ಒಂದು ಮೂಲದಿಂದ ಮತ್ತೊಂದು ಮೂಲಕ್ಕೆ ದಾಟುವ ಆ ಕೆಲವು ಕ್ಷಣಗಳನ್ನು ಅಂಕೆಯಲ್ಲಿಡುವುದೇ ಕಠಿನವಾದುದು. ಪ್ರಸ್ತುತ ಲೇಖನಕ್ಕೆ ವಿಷಯವಾದುದು ಆ ದಾಟುವಿಕೆ.

ಕಡಲನ್ನು ಕಾಣದ ಅಬಲೂರಿನಂಥ ಊರಿನವರಿಗೆ ಈ ವಿಷಯದಲ್ಲಿ ಏನು ಸಂಬಂಧವೆಂದು ಕೇಳುವವರಿಗೆ ಒಂದು ಮಾತು. ಏಕಾಂತದ ರಾಮಯ್ಯನ ಕಥೆಯನ್ನು ಶಾಸನದಲ್ಲಿ ಉಳಿಸಿಕೊಂಡ ಸೋಮೇಶ್ವರ ಗುಡಿಯಿಂದಲೂ, ಸರ್ವಜ್ಞನ ಹೆಸರಿನಿಂದಲೂ ನಾಡಿಗೆ ಪರಿಚಿತವಾದ ಈ ಹಿರೇಕೆರೂರು ಸೀಮೆಯ ಊರಿಗೆ ವಿದ್ಯುತ್ತನ್ನು ಹಂಚುವ ಹೆಸ್ಕಾಂ ಸಂಸ್ಥೆಯೇ ಕಾರವಾರದ ಕಡಲತೀರಕ್ಕೂ ಹಂಚುತ್ತದೆ. ಮೇಲಾಗಿ, ಒಂದು ಮೂಲದಿಂದ ಇನ್ನೊಂದಕ್ಕೆ ದಾಟುವುದು ಹೇಗೆಂಬ, ಹಡಗಿನ ಎಂಜಿನಿಯರನು ಎದುರಿಸುವ ಮೊದಲ ಪ್ರಶ್ನೆಯನ್ನು ನಮ್ಮ ಸೀಮೆಯ ಹಿಟ್ಟಿನ ಗಿರಣಿಯವನೂ, ಬ್ಯಾಡಗಿಯಲ್ಲಿ ಮೆಣಸಿನಕಾಯಿಯ ಕೋಲ್ಡ್ ಸ್ಟೋರೇಜು ನಡೆಸುವವನೂ ಬಹುಕಾಲದಿಂದ ಬಲ್ಲರು. ಗೋಡೆಗೆ ಹೊಡೆದ ಕಬ್ಬಿಣದ ಪೆಟ್ಟಿಗೆ, ಅದರ ಪಕ್ಕದಲ್ಲಿ ಕೈಬೆವರಿನಿಂದ ಕರಿದಾದ ಹಿಡಿ. ಹಿಡಿ ಮೇಲಿದ್ದರೆ ಕಂಬದ ಕರೆಂಟು, ಕೆಳಗಿದ್ದರೆ ಜನರೇಟರು, ನಡುವಿನಲ್ಲಿ ಎರಡೂ ಇಲ್ಲದ ಸೊನ್ನೆಯ ಜಾಗ. ಈ ಚೇಂಜ್‌ಓವರ್ ಸ್ವಿಚ್ಚಿನಲ್ಲಿ ಸೊನ್ನೆಯನ್ನು ಹಾಯದೆ ಮೇಲಿನಿಂದ ಕೆಳಕ್ಕೆ ಹೋಗಲು ಬರುವುದೇ ಇಲ್ಲ. ಹಾಗೆ ಮಾಡಿರುವುದರಲ್ಲಿ ಒಂದು ಜೀವದ ರಕ್ಷಣೆಯಿದೆ. ಲೈನು ಸತ್ತಿದೆಯೆಂದು ನಂಬಿ ಲೈನ್‌ಮನ್ ಕಂಬವನ್ನೇರಿರುವಾಗ, ಯಾವನೋ ಒಬ್ಬನು ಸ್ವಿಚ್ಚಿಲ್ಲದೆಯೇ ಜನರೇಟರನ್ನು ಮನೆಯ ತಂತಿಗೆ ಸಿಕ್ಕಿಸಿದನೆಂದರೆ, ಆ 400 ವೋಲ್ಟು ಊರಿನ ಟ್ರಾನ್ಸ್‌ಫಾರ್ಮರಿನಲ್ಲಿ ಹಿಮ್ಮುಖವಾಗಿ ಏರಿ ಮೇಲಿನ ತಂತಿಯಲ್ಲಿ 11,000 ವೋಲ್ಟಾಗಿ ನಿಲ್ಲುತ್ತದೆ. ಹಡಗಿಗೂ ದಡಕ್ಕೂ ನಡುವಣ ನಿಯಂತ್ರಣಶಾಸ್ತ್ರವೆಲ್ಲವೂ ಈ ಒಂದು ಭಯದ ಮೇಲೆಯೇ ನಿಂತಿದೆ: ಎರಡು ಮೂಲಗಳು ಅರಿಯದೆ ಕೂಡಬಾರದು, ಮತ್ತು ಸತ್ತ ತಂತಿಗೆ ಹಡಗು ಅರಿಯದೆ ಜೀವ ಕೊಡಬಾರದು.

ದಾಟುವುದಕ್ಕೆ ಎರಡು ಮಾರ್ಗಗಳುಂಟು. ಮೊದಲನೆಯದು ಗಿರಣಿಯವನ ಮಾರ್ಗವೇ. ಹಡಗಿನ ಜನರೇಟರಿನ ಬ್ರೇಕರನ್ನು, ಅಂದರೆ ಅದನ್ನು ಜೋಡಿಸಿ ಬಿಡಿಸುವ ದೊಡ್ಡ ಸ್ವಿಚ್ಚನ್ನು, ತೆರೆದು, ಹಡಗನ್ನು ಕ್ಷಣಕಾಲ ಕತ್ತಲಲ್ಲಿಟ್ಟು, ಆಮೇಲೆ ದಡದ ಬ್ರೇಕರನ್ನು ಮುಚ್ಚುವುದು. ಟಗ್ಗುಗಳಿಗೂ ಪೈಲಟ್ ದೋಣಿಗಳಿಗೂ ಇದರಿಂದ ಬಾಧಕವಿಲ್ಲ. ಅವುಗಳ ಭಾರ ಅಲ್ಪ, ಕತ್ತಲು ಕ್ಷಣಿಕ. ಆದರೆ ದೊಡ್ಡ ಹಡಗಿನಲ್ಲಿ ಆ ಒಂದು ಕ್ಷಣದ ಕತ್ತಲಿಗೆ ಬಹು ದೊಡ್ಡ ಪರಿವಾರವಿದೆ. ಪಂಪುಗಳೂ ಫ್ಯಾನುಗಳೂ ಒಟ್ಟಿಗೆ ನಿಂತು, ಮತ್ತೆ ಒಂದೊಂದಾಗಿ ಕ್ರಮವರಿತು ಎಬ್ಬಿಸಲ್ಪಡಬೇಕು. ಸಂಚಾರಕ್ಕೆ ಬೇಕಾದ ಗೈರೋ ದಿಕ್ಸೂಚಿ ಮೊದಲಾದ ಉಪಕರಣಗಳನ್ನು ಬ್ಯಾಟರಿಗಳು ಹೊರಬೇಕು. ಇದಕ್ಕೂ ಮಿಗಿಲಾಗಿ, ಮುಖ್ಯ ವಿದ್ಯುತ್ತು ಹೋದರೆ 45 ಸೆಕೆಂಡುಗಳೊಳಗೆ ಭಾರವನ್ನು ಹೊರಬೇಕೆಂದು ಸೋಲಾಸ್ ಎಂಬ ಅಂತರರಾಷ್ಟ್ರೀಯ ಒಡಂಬಡಿಕೆಯು ವಿಧಿಸಿರುವ ತುರ್ತು ಜನರೇಟರು, ಇದು ಅಪಘಾತವೋ ಬೇಕೆಂದೇ ಮಾಡಿದ್ದೋ ಎಂಬುದನ್ನರಿಯದೆ ತಾನಾಗಿಯೇ ಹೊತ್ತಿಕೊಳ್ಳುತ್ತದೆ. ಅದನ್ನು ತಡೆದಿಟ್ಟು ಕೆಲಸ ಮುಗಿಸಿದ ಸಿಬ್ಬಂದಿಯು ತಡೆಯನ್ನು ತೆಗೆಯಲು ಮರೆತರೆ, ಹಡಗು ತನ್ನ ಕಡೆಯ ರಕ್ಷೆಯನ್ನೇ ಕಳೆದುಕೊಂಡು ನಿಂತಿರುತ್ತದೆ. ಆದಕಾರಣ ದೊಡ್ಡ ಹಡಗುಗಳ ವಿಷಯದಲ್ಲಿ ಕತ್ತಲಿಲ್ಲದ ದಾಟುವಿಕೆಯೇ, ಅಂದರೆ ಎರಡನ್ನೂ ಅಲ್ಪಕಾಲ ಕೂಡಿಸಿ ಅನಂತರ ಒಂದನ್ನು ಬಿಡಿಸುವ ಎರಡನೆಯ ಮಾರ್ಗವೇ, ಯುಕ್ತವೆಂದು ನನ್ನ ಅಭಿಪ್ರಾಯ.

ಕೂಡಿಸುವ ಮುನ್ನ ನಾಲ್ಕು ವಿಷಯಗಳು ಹೊಂದಬೇಕು: ವೋಲ್ಟೇಜು, ಆವೃತ್ತಿ, ಆ ಕ್ಷಣದಲ್ಲಿ ಎರಡೂ ಅಲೆಗಳು ಇರುವ ನೆಲೆ ಅಥವಾ ಕೋನ, ಮತ್ತು ಮೂರು ಫೇಸುಗಳು ಬರುವ ಸರದಿ. ಕಡೆಯದನ್ನು ನಮ್ಮ ರೈತರಿಗೆ ವಿವರಿಸಬೇಕಾದುದಿಲ್ಲ; ಲೈನು ರಿಪೇರಿಯಾದ ಮೇಲೆ ಎರಡು ತಂತಿಗಳು ಅದಲುಬದಲಾಗಿ ಬೋರ್‌ವೆಲ್ ಮೋಟಾರು ಹಿಂದುಮುಂದಾಗಿ ತಿರುಗಿ ನೀರೆತ್ತದೆ ಸದ್ದು ಮಾಡುವುದನ್ನು ಅವರು ಕಂಡೇ ಇದ್ದಾರೆ. ಉಳಿದವುಗಳಲ್ಲಿ ವೋಲ್ಟೇಜನ್ನು ಹಡಗಿನ ಕಂಟ್ರೋಲ್ ಕೊಠಡಿಯ ವೋಲ್ಟ್‌ಮೀಟರುಗಳೂ, ಆವೃತ್ತಿಯ ವ್ಯತ್ಯಾಸವನ್ನೂ ಅಲೆಗಳ ಕೋನವನ್ನೂ ಸಿಂಕ್ರೋಸ್ಕೋಪು ಎಂಬ ಗುಂಡು ಮುಖದ ಮಾಪಕವೂ ತೋರಿಸುತ್ತವೆ. ದಡದ ಆವೃತ್ತಿಯನ್ನು ಹಡಗಿನವನು ಬದಲಿಸಲಾರನಾದುದರಿಂದ, ತನ್ನ ಜನರೇಟರಿನ ವೇಗವನ್ನು ಅಂಕೆಯಲ್ಲಿಡುವ ಗವರ್ನರನ್ನು ಕಿಂಚಿತ್ ಏರಿಸಿ ಇಳಿಸಿ ಮುಳ್ಳನ್ನು ನಿಧಾನವಾಗಿ ತಿರುಗುವಂತೆ ಮಾಡುತ್ತಾನೆ; ಮುಳ್ಳು ಮೇಲಿನ ಹನ್ನೆರಡರ ಗುರುತನ್ನು ಮುಟ್ಟಲು ಇನ್ನೂ ತುಸು ಇರುವಾಗಲೇ ಆಜ್ಞೆ ಕೊಡಬೇಕು, ಏಕೆಂದರೆ ಬ್ರೇಕರು ಮುಚ್ಚಿಕೊಳ್ಳುವುದಕ್ಕೂ ಒಂದಿಷ್ಟು ಕಾಲ ಹಿಡಿಯುತ್ತದೆ. ತಪ್ಪಿದ ಕೋನದಲ್ಲಿ ಮುಚ್ಚಿದನೆಂದರೆ ಜನರೇಟರಿನ ದಂಡವೇ ತಿರುಚುವಷ್ಟು ಆಘಾತವುಂಟಾಗಬಹುದು. ಈಗ ಈ ಕೆಲಸವನ್ನು ಯಂತ್ರವೇ ಮಾಡುತ್ತದೆ. ಆದರೂ ಕೋನವು ಹೊಂದದಿದ್ದರೆ ಮನುಷ್ಯನ ಆಜ್ಞೆಯನ್ನಾಗಲಿ ಯಂತ್ರದ ಆಜ್ಞೆಯನ್ನಾಗಲಿ ತಿರಸ್ಕರಿಸತಕ್ಕ ಬೇರೊಂದು ಪರೀಕ್ಷಕ ರಿಲೇ ಇರಲೇಬೇಕು. ಇದೇ ಕೂಡಿಕೆಯ ಮಹತ್ತಾದ ರೂಪವನ್ನು ನಮ್ಮ ನಾಡೇ ಕಂಡಿದೆ: 2013ರ ಡಿಸೆಂಬರ್ 31ರಂದು ರಾಯಚೂರು-ಸೊಲ್ಲಾಪುರಗಳ ನಡುವಣ 765 ಕಿಲೋವೋಲ್ಟಿನ ಮಾರ್ಗದ ಮೂಲಕ ದಕ್ಷಿಣ ಭಾರತದ ವಿದ್ಯುಜ್ಜಾಲವು ಉಳಿದ ದೇಶದ ಜಾಲದೊಡನೆ ಕೂಡಿ, ಅಂದಿನಿಂದ ಇಡೀ ದೇಶವು ಒಂದೇ ಆವೃತ್ತಿಯಲ್ಲಿ ಮಿಡಿಯುತ್ತಿದೆ.

ಹಡಗಿನ ವಿಷಯದಲ್ಲಿ ತೊಡಕು ಇನ್ನೊಂದಿದೆ. ನಮ್ಮ ದಡದ ವಿದ್ಯುತ್ತು 50 ಹರ್ಟ್ಸಿನದು. ಪ್ರಪಂಚದ ಸರಕು ಹಡಗುಗಳಲ್ಲಿ ಬಹುಸಂಖ್ಯೆಯವು 60 ಹರ್ಟ್ಸಿನವು, ಸಾಮಾನ್ಯವಾಗಿ 440 ವೋಲ್ಟಿನವು. ದೊಡ್ಡವು 6,600 ಅಥವಾ 11,000 ವೋಲ್ಟಿನವು. 60ಕ್ಕಾಗಿ ಮಾಡಿದ ಪಂಪನ್ನು 50ರಲ್ಲಿ ನಡೆಸಿದರೆ ವೇಗವು ಆರನೆಯ ಒಂದು ಭಾಗ ತಗ್ಗಿ, ನೀರನ್ನೆತ್ತುವ ಎತ್ತರವು ಹತ್ತರಲ್ಲಿ ಮೂರು ಭಾಗದಷ್ಟು ಕುಸಿಯುತ್ತದೆ. ವೋಲ್ಟೇಜನ್ನು ಅದಕ್ಕೆ ತಕ್ಕಂತೆ ಇಳಿಸದಿದ್ದರೆ ಮೋಟಾರಿನ ಕಬ್ಬಿಣವು ಕಾಂತತೆಯಿಂದ ತುಂಬಿ ಬಿಸಿಯಾಗುತ್ತದೆ. ಇಂಥ ವಿರಸವು ಕನ್ನಡನಾಡಿಗೆ ಹೊಸದಲ್ಲ. 1902ರಲ್ಲಿ ಕೋಲಾರದ ಚಿನ್ನದ ಗಣಿಗಳಿಗೆ ಶಿವನಸಮುದ್ರದಿಂದ ಹರಿದ ವಿದ್ಯುತ್ತು 25 ಹರ್ಟ್ಸಿನದಾಗಿತ್ತು. ಅದೇ ಕೋಲಾರಕ್ಕೆ ಶತಮಾನದ ತರುವಾಯ, 2003ರಲ್ಲಿ, ಒಡಿಶಾದ ತಾಲ್ಚೇರಿನಿಂದ ಏಕಮುಖ ಪ್ರವಾಹದ ಮಾರ್ಗವು ಬಂದು, ಆಗ ಪರಸ್ಪರ ಹೊಂದದಿದ್ದ ಎರಡು ಜಾಲಗಳಿಗೆ ಸೇತುವೆಯಾಯಿತು. ಧಕ್ಕೆಯ ಮೇಲೆ ನಿಲ್ಲಿಸುವ ಆವೃತ್ತಿ ಪರಿವರ್ತಕವೂ ಮಾಡುವುದು ಅದನ್ನೇ. ಐವತ್ತರ ಅಲೆಯನ್ನು ಮೊದಲು ಏಕಮುಖ ಪ್ರವಾಹವಾಗಿಸಿ, ಅದನ್ನು ಮತ್ತೆ ಅರವತ್ತರ ಅಲೆಯಾಗಿ ಕಡೆಯುತ್ತದೆ. ದಡದ ವ್ಯವಸ್ಥೆಯಲ್ಲಿ ಅತಿ ದುಬಾರಿಯಾದ ಅಂಗಗಳಲ್ಲಿ ಇದೊಂದು. ನಿಯಂತ್ರಣದ ನವೀನ ಕ್ಲೇಶಗಳೂ ಇಲ್ಲಿಂದಲೇ ಹುಟ್ಟುತ್ತವೆ.

ಆ ಕ್ಲೇಶಗಳಾವುವೆಂದು ಸ್ವಲ್ಪ ನಿಂತು ನೋಡುವುದು ಒಳ್ಳೆಯದು. ಕೂಡಿದ ಮೇಲೆ ಹಡಗಿನ ಜನರೇಟರು ಆವೃತ್ತಿಯ ಒಡೆಯನಾಗಿ ಉಳಿಯುವುದಿಲ್ಲ. ಗವರ್ನರನ್ನು ಏರಿಸಿದರೆ ಆವೃತ್ತಿ ಏರದೆ ಹೊರುವ ಭಾರವಷ್ಟೇ ಏರುತ್ತದೆ, ಇಳಿಸಿದರೆ ಭಾರವು ದಡಕ್ಕೆ ಸರಿಯುತ್ತದೆ. ಹೀಗೆ ಮೆಲ್ಲಮೆಲ್ಲನೆ ಇಳಿಸುತ್ತ ಬಂದು, ಜನರೇಟರಿನ ಭಾರವು ಹತ್ತನೆಯ ಒಂದು ಪಾಲಿಗಿಂತ ಕೆಳಗಾದಾಗ ಅದರ ಬ್ರೇಕರನ್ನು ತೆರೆದು, ಎಂಜಿನ್ನು ತಣಿಯುವಂತೆ ಕೆಲವು ನಿಮಿಷ ಬರಿದೇ ಓಡಿಸಿ ನಿಲ್ಲಿಸುತ್ತಾರೆ. ತೀರ ಇಳಿಸಿದರೆ ಜನರೇಟರು ವಿದ್ಯುತ್ತನ್ನು ಕೊಡುವ ಬದಲು ನುಂಗತೊಡಗಿ ತಾನೇ ಮೋಟಾರಾಗುತ್ತದೆ. ಆಗ ಹಿಮ್ಮುಖ ಶಕ್ತಿಯ ರಿಲೇ ಅದನ್ನು ಕಿತ್ತೊಗೆಯಬೇಕು. ಇದಕ್ಕೆ ವಿಪರೀತವಾದ ಸಂಗತಿಯೂ ಉಂಟು: ಹಡಗಿನಲ್ಲಿ ಹಠಾತ್ತಾಗಿ ಒಂದು ದೊಡ್ಡ ಮೋಟಾರು ನಿಂತು, ಮಿಕ್ಕುಳಿದ ಶಕ್ತಿಯು ದಡದ ಕಡೆಗೆ ನುಗ್ಗಿದರೆ, ಜಾಲವು ಅದನ್ನು ಸದ್ದಿಲ್ಲದೆ ಕುಡಿಯಬಲ್ಲುದು, ಆದರೆ ಡಯೋಡುಗಳನ್ನುಳ್ಳ ಸಾಧಾರಣ ಪರಿವರ್ತಕಕ್ಕೆ ಅದನ್ನು ಹಿಂದಕ್ಕೆ ಸಾಗಿಸುವ ದಾರಿಯೇ ಇಲ್ಲದುದರಿಂದ ಅದರ ಒಡಲಿನ ವೋಲ್ಟೇಜು ಉಬ್ಬಿ ಯಂತ್ರವು ತಾನಾಗಿ ನಿಲ್ಲುತ್ತದೆ. ಇನ್ನು ಶಾರ್ಟ್ ಸರ್ಕ್ಯೂಟಿನ ಮಾತು. ಎರಡು ಮೂಲಗಳು ಕೂಡಿರುವಾಗ ದೋಷಪ್ರವಾಹವು ಎರಡು ಕಡೆಯಿಂದಲೂ ಬಂದು ಹಡಗಿನ ಸ್ವಿಚ್‌ಬೋರ್ಡಿನ ಸಹನಶಕ್ತಿಯನ್ನು ಮೀರಬಹುದು. ಪರಿವರ್ತಕವೊಂದೇ ಮೂಲವಾಗಿ ಉಳಿದಾಗಲಾದರೋ ಅದು ಕೊಡುವ ದೋಷಪ್ರವಾಹವು ತೀರ ಅಲ್ಪವಾಗಿ, ಯಾವ ಬ್ರೇಕರು ಮೊದಲು ತೆರೆಯಬೇಕೆಂಬ ಕ್ರಮವೇ ಗೊಂದಲಕ್ಕೀಡಾಗಬಹುದು. ಮೊದಲನೆಯ ಅವಸ್ಥೆಗೆ ಹೊಂದಿಸಿದ ರಿಲೇಗಳು ಎರಡನೆಯ ಅವಸ್ಥೆಗೆ ಕುರುಡು. ಕೂಡಿಕೆಯ ಕಾಲವನ್ನು ಆದಷ್ಟು ಮೊಟಕುಗೊಳಿಸಬೇಕು ಮತ್ತು ಅವಸ್ಥೆ ಬದಲಾದೊಡನೆ ರಕ್ಷಣೆಯ ಹೊಂದಾಣಿಕೆಯೂ ಬದಲಾಗಬೇಕು ಎಂಬ ಎರಡು ಸೂತ್ರಗಳು ಈ ಕಾರಣದಿಂದ ಬಂದುವು.

ಇನ್ನು ಕೇಬಲಿನ ಸುತ್ತಣ ಕಟ್ಟುಪಾಡುಗಳನ್ನು ಸಂಕ್ಷೇಪವಾಗಿ ಹೇಳಬಹುದು. ಪ್ರತಿ ಹಡಗಿಗೂ ಪ್ರತ್ಯೇಕವಾದ ಟ್ರಾನ್ಸ್‌ಫಾರ್ಮರನ್ನಿಟ್ಟು ಒಂದರ ದೋಷವು ಇನ್ನೊಂದನ್ನು ಮುಟ್ಟದಂತೆ ಬೇರ್ಪಡಿಸುವುದು. ಮುಖ್ಯ ತಂತಿಗಳೊಡನೆ ಒಂದು ಸಣ್ಣ ಸುರಕ್ಷಾ ತಂತಿಯನ್ನು ಸಾಗಿಸಿ, ಪ್ಲಗ್ಗು ಸಡಿಲಾದೊಡನೆ ಅದು ತುಂಡಾಗಿ ಎರಡೂ ಕಡೆಯ ಬ್ರೇಕರುಗಳು ತೆರೆದುಕೊಳ್ಳುವಂತೆ ಮಾಡುವುದು. ಬ್ರೇಕರು ತೆರೆದು ಭೂಮಿಗೆ ಜೋಡಣೆಯಾಗುವವರೆಗೆ ಪ್ಲಗ್ಗಿಗೆ ಯಾರ ಕೈಯೂ ಹೋಗದಂತೆ ಬೀಗದ ಸರಪಣಿಯನ್ನು ಕಟ್ಟುವುದು. ಕಡಲು ಉಬ್ಬಿಳಿಯುತ್ತ ಹಡಗು ಮೇಲೆ ಕೆಳಗೆ ಆಡುತ್ತಿರುವುದರಿಂದ ಕೇಬಲಿನ ಬಿಗಿತವನ್ನೂ ಅಳೆಯುತ್ತಿರಬೇಕು. ಇವೆಲ್ಲವನ್ನೂ ಕ್ರೋಡೀಕರಿಸಿದ ಅಂತರರಾಷ್ಟ್ರೀಯ ಮಾನಕವು 80005-1 ಎಂಬ ಸಂಖ್ಯೆಯಿಂದ 2012ರಲ್ಲಿ ಪ್ರಕಟವಾಯಿತು. ಆಚರಣೆಯು ಮಾನಕಕ್ಕಿಂತ ಹಿರಿಯದು: ಸ್ವೀಡನ್ನಿನ ಗೋಥೆನ್‌ಬರ್ಗ್ ಬಂದರು 2000ದಲ್ಲಿ ಸರಕು ಹಡಗುಗಳಿಗೆ ಉಚ್ಚ ವೋಲ್ಟೇಜಿನ ಸಂಪರ್ಕವನ್ನು ಕೊಟ್ಟಿತು, ಅಲಾಸ್ಕದ ಜೂನೋ 2001ರಲ್ಲಿ ತನ್ನ ಜಲವಿದ್ಯುತ್ತನ್ನು ಪ್ರವಾಸಿ ಹಡಗುಗಳಿಗೆ ಹರಿಸಿತು, ಲಾಸ್ ಏಂಜಲೀಸಿನಲ್ಲಿ 2004ರಲ್ಲಿ ಕಂಟೇನರ್ ಧಕ್ಕೆಯೊಂದು ಹೀಗೆ ಸಜ್ಜಾದುದಕ್ಕೆ ಬಂದರಿನ ಮೇಲೆ ಹೂಡಿದ್ದ ಮೊಕದ್ದಮೆಯೇ ಪ್ರೇರಣೆಯಾಯಿತು. ಯುದ್ಧನೌಕೆಗಳಾದರೋ ಈ ವಿಷಯದಲ್ಲಿ ಎಲ್ಲರಿಗೂ ಮೊದಲಿಗರು. ಕಾರವಾರದ ಕದಂಬ ನೆಲೆಯಂಥ ಸ್ವಂತ ನೆಲೆಗಳಲ್ಲಿ ತಿಂಗಳುಗಟ್ಟಲೆ ನಿಲ್ಲುವ ನೌಕೆಗಳಿಗೆ ದಡದ ವಿದ್ಯುತ್ತನ್ನು ಪಡೆಯುವುದು ನೌಕಾದಳಗಳ ಪುರಾತನ ರೂಢಿ.

ಕರ್ನಾಟಕದ ಮಟ್ಟಿಗೆ ಪ್ರಶ್ನೆಯು ಬಂದು ನಿಲ್ಲುವುದು ಪಣಂಬೂರಿನಲ್ಲಿ. 1974ರ ಮೇ 4ರಂದು ಪ್ರಧಾನ ಬಂದರೆಂದು ಘೋಷಿತವಾಗಿ, ಮರುವರ್ಷದ ಜನವರಿ 11ರಂದು ಇಂದಿರಾ ಗಾಂಧಿಯವರಿಂದ ಉದ್ಘಾಟಿತವಾದ ಅಲ್ಲಿನ ನವಮಂಗಳೂರು ಬಂದರು, ನೆಲವನ್ನು ಅಗೆದು ಕಡಲನ್ನು ಒಳಗೆ ಕರೆದುಕೊಂಡ ಕೃತಕ ಬಂದರು, ಸುತ್ತಲೂ ಜನವಸತಿ. ಕೇಂದ್ರ ಸರ್ಕಾರವು 2023ರ ಮೇ ತಿಂಗಳಲ್ಲಿ ಹೊರಡಿಸಿದ ಹರಿತ ಸಾಗರ ಮಾರ್ಗಸೂಚಿಗಳು ಪ್ರಧಾನ ಬಂದರುಗಳೆಲ್ಲವೂ ಹಡಗುಗಳಿಗೆ ದಡದ ವಿದ್ಯುತ್ತನ್ನು ಒದಗಿಸುವತ್ತ ಸಾಗಬೇಕೆಂದು ಹೇಳಿವೆ. ಯೂರೋಪಿನ ಒಕ್ಕೂಟವಾದರೋ 2030ರ ಆರಂಭದಿಂದ ತನ್ನ ಮುಖ್ಯ ಬಂದರುಗಳಲ್ಲಿ ನಿಲ್ಲುವ ಕಂಟೇನರ್ ಹಡಗುಗಳೂ ಪ್ರಯಾಣಿಕ ಹಡಗುಗಳೂ ದಡದ ವಿದ್ಯುತ್ತನ್ನು ಪಡೆಯಲೇಬೇಕೆಂದು ವಿಧಿಸಿದೆ. ಕೊಡಗು ಚಿಕ್ಕಮಗಳೂರುಗಳ ಕಾಫಿಯು ಇಟಲಿ ಜರ್ಮನಿಗಳನ್ನು ಮುಟ್ಟುವುದು ಇಂಥ ಹಡಗುಗಳಲ್ಲಿಯೇ ಆದುದರಿಂದ, ಈ ಸಲಕರಣೆಯುಳ್ಳ ಹಡಗುಗಳು ವರ್ಷದಿಂದ ವರ್ಷಕ್ಕೆ ಹೆಚ್ಚುವುದು ನಿಶ್ಚಯ.

ಆದರೆ ಪಣಂಬೂರಿನಲ್ಲಿ ಎಲ್ಲಿಂದ ಆರಂಭಿಸಬೇಕು ಎಂಬಲ್ಲಿ ವಿವೇಚನೆ ಬೇಕು. ಅಲ್ಲಿನ ಸರಕಿನಲ್ಲಿ ಬಹುಭಾಗವು ಕಚ್ಚಾ ತೈಲ, ಪೆಟ್ರೋಲಿಯಂ ಉತ್ಪನ್ನ, ಅಡಿಗೆ ಅನಿಲ, ಕಲ್ಲಿದ್ದಲು. ತೈಲವಾಹಕಗಳ ಸರಕು ಪಂಪುಗಳು ಹಲವೆಡೆ ಉಗಿಯಿಂದ ನಡೆಯತಕ್ಕವು. ಪ್ಲಗ್ಗು ಸಿಕ್ಕಿಸಿದರೂ ಬಾಯ್ಲರು ಉರಿಯುತ್ತಲೇ ಇರಬೇಕು, ಆದ್ದರಿಂದ ಹೊಗೆಯಲ್ಲಿ ಒಂದಂಶ ಮಾತ್ರ ನಿಲ್ಲುತ್ತದೆ. ಅದೂ ಅಲ್ಲದೆ ಆವಿಯು ಸುಳಿಯುವ ಜಾಗದಲ್ಲಿ ಒಂದು ಕಿಡಿಯೂ ಅನರ್ಥಕಾರಿ. ಅಲ್ಲಿ ಉಚ್ಚ ವೋಲ್ಟೇಜಿನ ಪ್ಲಗ್ಗನ್ನು ಬಿಚ್ಚಿ ಹಾಕುವುದನ್ನು ನಿಯಂತ್ರಿಸುವುದು ಬೇರೆಯದೇ ಶಾಸ್ತ್ರ. ತೀರ ದೊಡ್ಡ ತೈಲವಾಹಕಗಳು ಬಂದರಿನೊಳಗೆ ಬಾರದೆ ಕಡಲಿನಲ್ಲಿಯೇ ತೇಲುಬೋಯಿಗೆ ಕಟ್ಟಿಕೊಂಡು ಬರಿದಾಗುತ್ತವೆ. ಅವುಗಳಿಗೆ ದಡವೇ ಇಲ್ಲ. ಇದಕ್ಕೆ ಬದಲಾಗಿ ಕಂಟೇನರ್ ಹಡಗುಗಳ ಭಾರವು ಸ್ಥಿರ, ಶೀತಲ ಪೆಟ್ಟಿಗೆಗಳಿದ್ದರೆ ಅಧಿಕ. ಮಳೆಗಾಲ ಕಳೆದ ಮೇಲೆ ಬರುವ ಪ್ರವಾಸಿ ಹಡಗುಗಳು ಒಂದು ಸಣ್ಣ ಪಟ್ಟಣದಷ್ಟು ವಿದ್ಯುತ್ತನ್ನು ಬೇಡುತ್ತವೆಯಾದರೂ ಹಗಲೊಂದು ನಿಂತು ಹೊರಟುಬಿಡುತ್ತವೆ. ಮೊದಲು ಬಂದರಿನ ಟಗ್ಗುಗಳೂ ತಟರಕ್ಷಣಾ ಪಡೆಯ ನೌಕೆಗಳೂ, ತರುವಾಯ ಕಂಟೇನರ್ ಧಕ್ಕೆ, ಆಮೇಲೆ ಪ್ರವಾಸಿ ಹಡಗು, ಕಡೆಗೆ ತೈಲವಾಹಕ ಎಂಬ ಅನುಕ್ರಮವೇ ಸರಿಯೆಂದು ತೋರುತ್ತದೆ. ಎಲ್ಲ ಧಕ್ಕೆಗಳಿಗೂ ಏಕಕಾಲದಲ್ಲಿ ಪರಿವರ್ತಕಗಳನ್ನು ನಿಲ್ಲಿಸಿ, ತಿಂಗಳಿಗೊಂದು ಹಡಗಿಗಾಗಿ ತಿಂಗಳು ಪೂರ್ತಿಯ ಡಿಮಾಂಡ್ ಶುಲ್ಕವನ್ನು ತೆರುವುದು ಬಂದರಿಗೂ ಭಾರ, ಹಡಗಿಗೂ ಭಾರ.

ಇಲ್ಲಿ ಒಂದು ಸತ್ಯವನ್ನು ಮರೆಮಾಚದೆ ಹೇಳಬೇಕು. ನಮ್ಮ ದೇಶದ ಜಾಲದಲ್ಲಿ ಒಂದು ಯೂನಿಟ್ಟಿಗೆ ಸರಾಸರಿ 0.7 ಕಿಲೋಗ್ರಾಂನಷ್ಟು ಇಂಗಾಲದ ಡೈಆಕ್ಸೈಡು ಹೊರಬೀಳುತ್ತದೆ. ಹಡಗಿನ ಡೀಸೆಲ್ ಜನರೇಟರಿನಲ್ಲಿಯೂ ಅದು ಹೆಚ್ಚುಕಡಿಮೆ ಅಷ್ಟೇ. ಆದುದರಿಂದ ಭೂಮಂಡಲದ ತಾಪದ ಲೆಕ್ಕದಲ್ಲಿ ಇಂದು ದೊರೆಯುವ ಲಾಭ ಬಹು ಸ್ವಲ್ಪ. ಲಾಭವಿರುವುದು ಪಣಂಬೂರು ಬೈಕಂಪಾಡಿಗಳ ಜನರು ಉಸಿರಾಡುವ ಗಾಳಿಯಲ್ಲಿ. ಅದು ಅಲ್ಪವೆಂದು ನಾನು ತಿಳಿಯಲಾರೆ. ಶರಾವತಿ ಕಾಳಿಗಳ ಜಲವಿದ್ಯುತ್ತೂ, ಪಾವಗಡದ 2,050 ಮೆಗಾವ್ಯಾಟಿನ ಸೌರಕ್ಷೇತ್ರವೂ, ಗದಗಿನ ಗಾಳಿಯಂತ್ರಗಳೂ ಇರುವ ಈ ರಾಜ್ಯದಲ್ಲಿ ಬಂದರು ಹಸುರು ವಿದ್ಯುತ್ತನ್ನೇ ಕರಾರಿನಿಂದ ಕೊಂಡರೆ ಮೊದಲನೆಯ ಲಾಭವೂ ಕ್ರಮೇಣ ಕೂಡಿಬರುವುದು.

ಯಂತ್ರಗಳ ಮಾತು ಇಷ್ಟಾಯಿತು. ಆದರೆ ಈ ಇಡೀ ವಿಷಯದಲ್ಲಿ ಅತ್ಯಂತ ಉಪೇಕ್ಷಿತವಾದುದು ಆಜ್ಞೆ ಯಾರದೆಂಬ ಪ್ರಶ್ನೆ. ಕೇಬಲಿನ ಒಂದು ತುದಿ ಬಂದರಿನದು, ಮತ್ತೊಂದು ಯಾವುದೋ ದೇಶದ ಧ್ವಜ ಹಾರಿಸುವ ಹಡಗಿನದು, ಹಿಂದಿನ ಜಾಲ ಅಲ್ಲಿಗೆ ವಿದ್ಯುತ್ತನ್ನು ಹಂಚುವ ಮೆಸ್ಕಾಂ ಸಂಸ್ಥೆಯದು. ಮೂವರಿಗೂ ತಮ್ಮ ತಮ್ಮ ನಿಯಮಗಳು, ಆಗಾಗ್ಗೆ ಮೂರು ಭಾಷೆಗಳು. ನಡುರಾತ್ರಿಯಲ್ಲಿ ಜಾಲದ ವಿದ್ಯುತ್ತು ಹೋಯಿತೆನ್ನಿ. ಹಡಗಿನ ಜನರೇಟರು ತಾನಾಗಿ ಎದ್ದು ಭಾರ ಹೊರುತ್ತದೆ, ಅದು ಸರಿ. ಅರ್ಧ ಗಂಟೆಯ ಅನಂತರ ಜಾಲವು ಮರಳಿದಾಗ ದಡದ ಬ್ರೇಕರನ್ನು ಮುಚ್ಚುವವರಾರು? ದಡದವನು ತನ್ನ ಕಡೆ ವಿದ್ಯುತ್ತು ಬಂದಿತೆಂಬ ಹುರುಪಿನಲ್ಲಿ ಮುಚ್ಚಬಾರದು. ಹಡಗಿನವನು ಕೇಳಿದ ಮೇಲೆಯೇ ಮುಚ್ಚಬೇಕು, ಮತ್ತು ಕೂಡಿಸುವ ಕೊನೆಯ ಬ್ರೇಕರು ಯಾವಾಗಲೂ ಹಡಗಿನ ಸ್ವಿಚ್‌ಬೋರ್ಡಿನಲ್ಲಿಯೇ ಇರಬೇಕು, ಏಕೆಂದರೆ ಆವೃತ್ತಿಯನ್ನು ಹೊಂದಿಸಬಲ್ಲ ಗವರ್ನರು ಇರುವುದು ಅವನ ಕೈಯಲ್ಲಿ. ಬಿಡಿಸುವ ಅಧಿಕಾರವಾದರೋ ಇಬ್ಬರಿಗೂ ಸಮಾನವಾಗಿರಬೇಕು. ಅಪಾಯವನ್ನು ಕಂಡವನು ಅಪ್ಪಣೆಯನ್ನು ಕಾಯುತ್ತ ಕೂರಬಾರದು. ಹೊರಡುವ ವೇಳೆಯಲ್ಲಿ ಹಡಗನ್ನು ಮಗ್ಗುಲಿಗೆ ತಳ್ಳುವ ಮುಂಭಾಗದ ಥ್ರಸ್ಟರುಗಳು ಭಾರಿ ಶಕ್ತಿಯನ್ನು ಎಳೆಯುವುದರಿಂದ, ಅವನ್ನು ಎಬ್ಬಿಸುವ ಮೊದಲೇ ಜನರೇಟರುಗಳು ಭಾರ ಹೊತ್ತು ದಡದ ಕೇಬಲು ಭೂಮಿಗೆ ಜೋಡಿಯಾಗಿರಬೇಕು. ಪೈಲಟ್ ಹತ್ತಿದ ಮೇಲೆ ಅವಸರದಲ್ಲಿ ಮಾಡುವ ಕೆಲಸ ಇದಲ್ಲ.

ನಾವಿಕರ ತರಬೇತಿಯ ಒಡಂಬಡಿಕೆಗೆ ಬಂದ 2010ರ ಮನಿಲಾ ತಿದ್ದುಪಡಿಗಳಿಂದ ಹಡಗುಗಳಲ್ಲಿ ವಿದ್ಯುತ್ ತಾಂತ್ರಿಕ ಅಧಿಕಾರಿಯೆಂಬ ಹುದ್ದೆಗೆ ಅಂತರರಾಷ್ಟ್ರೀಯ ಮನ್ನಣೆ ದೊರೆತಿದೆ. ದಡದಲ್ಲಿ ಅವನಿಗೆ ಸರಿಜೋಡಿಯಾಗತಕ್ಕವನನ್ನು ನಾವಿನ್ನೂ ಸಿದ್ಧಪಡಿಸಬೇಕು. ಉಪಕೇಂದ್ರದಲ್ಲಿ ಪಳಗಿದ ಆಪರೇಟರನಿಗೆ ಹಡಗಿನ ರೀತಿ ತಿಳಿಯದು, ಹಡಗಿನ ಎಲೆಕ್ಟ್ರಿಷಿಯನ್ನನಿಗೆ ಜಾಲದ ರೀತಿ ತಿಳಿಯದು. ಬಂದರಿನ ಮಗ್ಗುಲಲ್ಲಿಯೇ, ಸುರತ್ಕಲ್ಲಿನಲ್ಲಿ, 1960ರಿಂದ ಎಂಜಿನಿಯರಿಂಗ್ ಕಲಿಸುತ್ತಿರುವ ವಿದ್ಯಾಸಂಸ್ಥೆಯಿದೆ. ಅಲ್ಲಿ ಒಂದು ಸಣ್ಣ ಡೀಸೆಲ್ ಜನರೇಟರು, ಒಂದು ಪರಿವರ್ತಕ, ಒಂದು ಸಿಂಕ್ರೋಸ್ಕೋಪು, ಎರಡು ಬ್ರೇಕರುಗಳನ್ನಿಟ್ಟು, ಬಂದರಿನವರೂ ಮೆಸ್ಕಾಂನವರೂ ಹಡಗಿಗೆ ಹೋಗುವ ನಮ್ಮ ಹುಡುಗರೂ ಒಟ್ಟಿಗೆ ನಿಂತು ಕೂಡಿಸುವುದನ್ನೂ ಬಿಡಿಸುವುದನ್ನೂ, ಜಾಲ ಹೋದಾಗ ಮತ್ತು ಮರಳಿದಾಗ ಯಾರು ಯಾರನ್ನು ಕೇಳಬೇಕೆಂಬುದನ್ನೂ ಕೈಯಾರೆ ಅಭ್ಯಾಸ ಮಾಡುವಂತೆ ಏರ್ಪಡಿಸಬಹುದು. ಕಂಟೇನರ್ ಧಕ್ಕೆಗೆ ಮೊದಲ ಪರಿವರ್ತಕದ ಟೆಂಡರು ಕರೆಯುವುದಕ್ಕೆ ಮುಂಚೆಯೇ ಈ ಅಭ್ಯಾಸವು ಆರಂಭವಾಗತಕ್ಕದ್ದು.